ಮಕ್ಕಳು ಕಿವಿಗೊಡುವಂಥ ಇತಿಹಾಸ ಪಾಠ: ಪ್ರೌಢಶಾಲಾ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿಕೊಡುವವರ ತಲೆನೋವು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಮಕ್ಕಳು ಆಕಳಿಸುತ್ತಾರೆ, ಸಿಲಬಸ್ ಮುಗಿಯುವುದಿಲ್ಲ, ಇಸವಿ ನೆನಪಿರುವುದಿಲ್ಲ, ಚಟುವಟಿಕೆ ಮಾಡಿಸಲು ಹೋದರೆ ಬರೀ ಗಲಾಟೆ. ಹೊಸದಾಗಿ ಕೆಲಸಕ್ಕೆ ಸೇರಿದವರೂ ಇದನ್ನೇ ಕೇಳುತ್ತಾರೆ, ತಲೆ ನರೆತವರೂ ಇದನ್ನೇ ಕೇಳುತ್ತಾರೆ. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಕೆಲವು ಉತ್ತರ ಉದ್ದ ಇವೆ, ಕೆಲವು ನಾಲ್ಕೇ ಸಾಲು. ಎಲ್ಲವನ್ನೂ ಓದಬೇಕಿಲ್ಲ, ನಿಮಗೆ ಬೇಕಾದಲ್ಲಿಗೆ ನೇರ ಹೋಗಿ.

ಮಕ್ಕಳಿಗೆ ಇತಿಹಾಸ ಯಾಕೆ ಬೋರ್ ಹೊಡೆಸುತ್ತದೆ?

ಅದು ಅವರ ಕೈಗೆ ಬರುವಾಗಲೇ ಎಲ್ಲ ತೀರ್ಮಾನ ಆಗಿಹೋಗಿರುತ್ತದೆ. ಸ್ಕೋರು ಗೊತ್ತಾದ ಮೇಲೆ ಮ್ಯಾಚ್ ನೋಡಲು ಕೂತ ಹಾಗೆ. ಮೊದಲನೇ ಮಹಾಯುದ್ಧಕ್ಕೆ ಕಾರಣಗಳು ಒಂದು, ಎರಡು, ಮೂರು, ನಾಲ್ಕು ಅಂತ ಪಠ್ಯಪುಸ್ತಕದಲ್ಲಿ ಅಚ್ಚಾಗಿದ್ದರೆ ಮಗು ಮಾಡುವುದಕ್ಕೆ ಉಳಿದಿರುವ ಕೆಲಸ ಒಂದೇ, ಬಾಯಿಪಾಠ. ಆದರೆ 1914ರ ಜುಲೈ ತಿಂಗಳಲ್ಲಿ ಬದುಕಿದ್ದವರಿಗೆ ಮುಂದೇನು ಅಂತ ಗೊತ್ತಿರಲಿಲ್ಲ ಅಲ್ವಾ? ಅವರು ಹೆದರಿದ್ದರು, ಲೆಕ್ಕ ಹಾಕುತ್ತಿದ್ದರು, ತಪ್ಪು ಅಂದಾಜು ಮಾಡುತ್ತಿದ್ದರು. ಆ ಗೊತ್ತಿಲ್ಲದಿರುವಿಕೆಯನ್ನು ತರಗತಿಗೆ ವಾಪಸ್ ತರುವುದೇ ಪಾಠ ಯೋಜನೆಯ ಅಸಲಿ ಕೆಲಸ. ಮಿಕ್ಕ ಸಲಕರಣೆ, ಪಿಪಿಟಿ, ಬಣ್ಣದ ಚಾರ್ಟು ಎಲ್ಲ ಅದಾದ ಮೇಲೆ.

ಮಕ್ಕಳಿಗೆ ಮನರಂಜನೆ ಕೊಡಬೇಕು ಅಂತ ಹಲವರು ಅಂದುಕೊಂಡಿರುತ್ತಾರೆ. ಅದರ ಅಗತ್ಯ ಇಲ್ಲ. ಮಕ್ಕಳಿಗೆ ಕುತೂಹಲ ಹುಟ್ಟಿದರೆ ಸಾಕು, ಹರಕು ಹಾಳೆಯ ಮೇಲಿನ ಆರು ಸಾಲಿನ ಹಳೇ ಪತ್ರವನ್ನೂ ಅವರು ಬಿಡದೆ ಓದುತ್ತಾರೆ.

ಹಾಗಾದರೆ ಯೋಜನೆ ಎಲ್ಲಿಂದ ಶುರು ಮಾಡಲಿ?

ಒಂದು ಪ್ರಶ್ನೆಯಿಂದ. ಪಾಠದ ಹೆಸರಿನಿಂದ ಬೇಡ, ಕಲಿಕಾ ಫಲಗಳ ಕೋಷ್ಟಕದಿಂದಲೂ ಬೇಡ. ಕೋಷ್ಟಕ ತುಂಬಬೇಕಾದರೆ ಆಮೇಲೆ ತುಂಬಿ, ಯಾರು ಬೇಡ ಅಂದರು.

ಉದಾಹರಣೆಗೆ ಅಶೋಕನ ಪಾಠ ತೆಗೆದುಕೊಳ್ಳಿ. ಕಳಿಂಗ ಯುದ್ಧ, ಪಶ್ಚಾತ್ತಾಪ, ಬೌದ್ಧ ಧರ್ಮ, ಶಾಸನಗಳು. ಎಲ್ಲರೂ ಇದೇ ಸಾಲಿನಲ್ಲಿ ಹೇಳುತ್ತಾರೆ, ಮಕ್ಕಳಿಗೂ ಇದು ಮೊದಲೇ ಗೊತ್ತಿರುತ್ತದೆ. ಈಗ ಇನ್ನೊಂದು ದಾರಿ ನೋಡಿ. ಅಶೋಕನ 13ನೇ ಬಂಡೆಗಲ್ಲು ಶಾಸನದಲ್ಲಿ ಕಳಿಂಗದಿಂದ ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು, ಒಂದು ಲಕ್ಷ ಜನ ಹತರಾದರು, ಅದರ ಹಲವು ಪಟ್ಟು ಜನ ಸತ್ತರು ಎಂದಿದೆ. ರಾಜನಿಗೆ ಇದರಿಂದ ನೋವಾಗಿದೆ ಎಂದೂ ಇದೆ. ಇದನ್ನು ಸಾಮ್ರಾಜ್ಯದ ಬೇರೆ ಬೇರೆ ಮೂಲೆಗಳಲ್ಲಿ ಕೆತ್ತಿಸಿದ. ಆದರೆ ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ ಈ ಶಾಸನ ಇಲ್ಲ! ಅಲ್ಲಿ 11, 12, 13ನೇ ಶಾಸನಗಳನ್ನು ಬಿಟ್ಟು ಬೇರೆ ಎರಡು ಶಾಸನ ಹಾಕಿಸಿದ್ದಾನೆ. ಅದರಲ್ಲಿ ಎಲ್ಲ ಜನರೂ ನನ್ನ ಮಕ್ಕಳು ಅನ್ನುತ್ತಾನೆ, ವಿನಾಕಾರಣ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸಿಸಬೇಡಿ ಎಂದು ಅಧಿಕಾರಿಗಳಿಗೆ ಹೇಳುತ್ತಾನೆ.

ಪ್ರಶ್ನೆ ತಾನಾಗಿ ಬಂತು: ಕಳಿಂಗದ ಜನರ ಮುಂದೆಯೇ ಆ ಪಶ್ಚಾತ್ತಾಪದ ಮಾತನ್ನು ಯಾಕೆ ಹಾಕಿಸಲಿಲ್ಲ? ಒಬ್ಬ ಹುಡುಗ ನಾಚಿಕೆ ಆಗಿರಬೇಕು ಅನ್ನುತ್ತಾನೆ. ಒಬ್ಬಳು, ಸತ್ತವರ ಲೆಕ್ಕ ಓದಿದರೆ ಜನ ದಂಗೆ ಏಳುತ್ತಿದ್ದರು ಅನ್ನುತ್ತಾಳೆ. ಮತ್ತೊಬ್ಬ, ಓದಲು ಬಾರದ ಜನಕ್ಕೆ ಹಾಕಿಸಿದರೆಷ್ಟು ಬಿಟ್ಟರೆಷ್ಟು ಅನ್ನಬಹುದು. ಆಗ ಶಾಸನಗಳನ್ನು ಅಧಿಕಾರಿಗಳು ಜನರಿಗೆ ಓದಿ ಹೇಳುತ್ತಿದ್ದರು ಅನ್ನುವ ವಿಷಯಕ್ಕೆ ನೀವು ಬರುತ್ತೀರಿ. ಇತಿಹಾಸಕಾರರಿಗೂ ಇದಕ್ಕೆ ಒಂದೇ ಒಂದು ಖಚಿತ ಉತ್ತರ ಇಲ್ಲ. ಮಕ್ಕಳಿಗೆ ಅದನ್ನೂ ಹೇಳಿ. ಯುದ್ಧ, ಧಮ್ಮ, ಆಡಳಿತ ಎಲ್ಲವೂ ಇದೇ ಚರ್ಚೆಯೊಳಗೆ ಬಂದು ಹೋಗುತ್ತವೆ, ಸಿಲಬಸ್ ಕೂಡ ಮುಗಿಯುತ್ತದೆ.

ಪ್ರಶ್ನೆ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು?

ಪಠ್ಯಪುಸ್ತಕದ ಒಂದು ಸಾಲನ್ನು ಎತ್ತಿ ಬರೆದರೆ ಉತ್ತರ ಮುಗಿಯುತ್ತದಾ? ಹಾಗಿದ್ದರೆ ಅದು ಪಾಠ ಕಟ್ಟುವ ಪ್ರಶ್ನೆ ಆಗಲಿಲ್ಲ. ಇಬ್ಬರು ಬುದ್ಧಿವಂತ ಮಕ್ಕಳು ಬೇರೆ ಬೇರೆ ಉತ್ತರ ಕೊಟ್ಟು ಇಬ್ಬರೂ ಆಧಾರ ತೋರಿಸಬಹುದಾದರೆ ಅದು ಒಳ್ಳೆಯ ಪ್ರಶ್ನೆ.

"ಉಪ್ಪಿನ ಸತ್ಯಾಗ್ರಹ ಎಂದರೇನು?" ಅಂತ ಕೇಳಿದರೆ ಕೈ ಎತ್ತುವವರು ಮೂರೇ ಜನ. "ಅಷ್ಟೊಂದು ಸಮಸ್ಯೆ ಇರುವಾಗ ಗಾಂಧೀಜಿ ಉಪ್ಪನ್ನೇ ಯಾಕೆ ಹಿಡಿದರು?" ಅಂತ ಕೇಳಿ ನೋಡಿ. ಕಾಂಗ್ರೆಸ್ಸಿನೊಳಗೇ ಹಲವರಿಗೆ ಈ ಅನುಮಾನ ಇತ್ತು. ವೈಸರಾಯ್ ಇರ್ವಿನ್ ಅಂತೂ ಈ ಉಪ್ಪಿನ ಚಳವಳಿಯಿಂದ ತನ್ನ ನಿದ್ದೆಯೇನೂ ಕೆಡುತ್ತಿಲ್ಲ ಎಂಬ ಅರ್ಥದಲ್ಲಿ ಲಂಡನ್‌ಗೆ ಬರೆದಿದ್ದರು. 1930ರ ಮಾರ್ಚ್ 12ಕ್ಕೆ ಸಾಬರಮತಿಯಿಂದ ಹೊರಟ ನಡಿಗೆ ಸುಮಾರು 385 ಕಿಲೋಮೀಟರ್ ಸಾಗಿ ಏಪ್ರಿಲ್ 6ಕ್ಕೆ ದಂಡಿಯಲ್ಲಿ ಉಪ್ಪು ಎತ್ತುವಲ್ಲಿಗೆ ಮುಟ್ಟಿತು. ಆ ವರ್ಷ ಮುಗಿಯುವ ಹೊತ್ತಿಗೆ 60 ಸಾವಿರಕ್ಕೂ ಹೆಚ್ಚು ಜನ ಜೈಲಿನಲ್ಲಿದ್ದರು. ನಗುತ್ತಿದ್ದವರ ಲೆಕ್ಕ ಎಲ್ಲಿ ತಪ್ಪಿತು? ಇದಕ್ಕೆ ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ.

"ಒಂದು ವೇಳೆ ಹಾಗಾಗಿದ್ದರೆ" ಅನ್ನುವ ಪ್ರಶ್ನೆಗಳ ಬಗ್ಗೆ ಒಂದು ಮಾತು. ಅವು ಮಜಾ ಕೊಡುತ್ತವೆ, ಆದರೆ ಬೇಗ ಹಳ್ಳ ಹಿಡಿಯುತ್ತವೆ. ಅವನ್ನು ಕಾರಣಗಳನ್ನು ತೂಗುವುದಕ್ಕೆ ಮಾತ್ರ ಬಳಸಿ.

40 ನಿಮಿಷದ ಪಿರಿಯಡ್‌ನಲ್ಲಿ ಇದೆಲ್ಲ ಹೇಗೆ ಹಿಡಿಸುತ್ತದೆ?

ಹಿಡಿಸುತ್ತದೆ, ಒಂದೇ ಪ್ರಶ್ನೆ ಇಟ್ಟುಕೊಂಡರೆ. ಮೊದಲನೇ ಮಹಾಯುದ್ಧದ ಒಂದು ಪಿರಿಯಡ್ ಹೀಗಿರಬಹುದು.

ಮೊದಲ ಐದು ನಿಮಿಷ ಬರೀ ಘಟನೆ ಹೇಳಿ. 1914ರ ಜೂನ್ 28, ಸರಾಯೆವೊ. ಬೆಳಿಗ್ಗೆ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನಾಂಡ್‌ನ ಕಾರಿನ ಮೇಲೆ ಒಬ್ಬ ಬಾಂಬ್ ಎಸೆಯುತ್ತಾನೆ, ಗುರಿ ತಪ್ಪುತ್ತದೆ, ಬೇರೆಯವರಿಗೆ ಗಾಯ. ಆಮೇಲೆ ಯುವರಾಜ ಆ ಗಾಯಾಳುಗಳನ್ನು ನೋಡಲು ಹೊರಟಾಗ ಚಾಲಕ ತಪ್ಪು ತಿರುವು ತೆಗೆದುಕೊಳ್ಳುತ್ತಾನೆ, ಹಿಂದೆ ತೆಗೆಯಲು ಕಾರು ನಿಲ್ಲುತ್ತದೆ, ಎದುರಿಗೇ ಅದೇ ಸಂಚಿನ ಗುಂಪಿನ, ಯುವರಾಜನನ್ನು ಕೊಲ್ಲಲಿರುವ ಗವ್ರಿಲೊ ಪ್ರಿನ್ಸಿಪ್ ಪಿಸ್ತೂಲಿನ ಸಮೇತ ನಿಂತಿದ್ದಾನೆ. ಇಲ್ಲಿ ನಿಲ್ಲಿಸಿ, ಬೋರ್ಡಿನ ಮೇಲೆ ಬರೆಯಿರಿ: ಚಾಲಕ ಸರಿಯಾದ ರಸ್ತೆ ಹಿಡಿದಿದ್ದರೆ ಯುದ್ಧ ತಪ್ಪುತ್ತಿತ್ತಾ? ಕೈ ಎತ್ತಿಸಿ, ಹೌದು ಎಷ್ಟು, ಇಲ್ಲ ಎಷ್ಟು ಅಂತ ಮೂಲೆಯಲ್ಲಿ ಬರೆದಿಡಿ.

ಮುಂದಿನ ಹತ್ತು ನಿಮಿಷ ಹಿನ್ನೆಲೆ ನೀವು ಹೇಳುತ್ತೀರಿ. ಮೈತ್ರಿಕೂಟಗಳು, ಸೈನ್ಯ ಹೆಚ್ಚಿಸುವ ಪೈಪೋಟಿ, ಬಾಲ್ಕನ್ ಜಗಳ. ಆಮೇಲೆ ಹದಿನೈದು ನಿಮಿಷ ಮಕ್ಕಳ ಕೆಲಸ. ತಾರೀಕುಗಳಿರುವ ಒಂದು ಹಾಳೆ ಕೊಡಿ: ಜುಲೈ 23 ಸರ್ಬಿಯಾಕ್ಕೆ ಆಸ್ಟ್ರಿಯಾದ ಅಂತಿಮ ಎಚ್ಚರಿಕೆ, ಜುಲೈ 28 ಯುದ್ಧ ಘೋಷಣೆ, ಆಗಸ್ಟ್ 1 ರಷ್ಯಾದ ಮೇಲೆ ಜರ್ಮನಿ, ಆಗಸ್ಟ್ 3 ಫ್ರಾನ್ಸ್ ಮೇಲೆ ಜರ್ಮನಿ, ಆಗಸ್ಟ್ 4 ಜರ್ಮನಿಯ ಮೇಲೆ ಬ್ರಿಟನ್. ಯಾವ ತಾರೀಕಿನವರೆಗೂ ಇದನ್ನು ತಡೆಯಬಹುದಿತ್ತು ಅಂತ ಜೋಡಿಯಾಗಿ ಕೂತು ಒಂದು ಗೆರೆ ಎಳೆಯಲಿ, ಯಾಕೆ ಅಂತ ಒಂದು ಸಾಲು ಬರೆಯಲಿ. ಉಳಿದ ಹೊತ್ತಿನಲ್ಲಿ ಬೇರೆ ಬೇರೆ ಕಡೆ ಗೆರೆ ಎಳೆದವರನ್ನು ಎಬ್ಬಿಸಿ ವಾದ ಮಾಡಿಸಿ. ಕೊನೆಗೆ ಮತ್ತೆ ಕೈ ಎತ್ತಿಸಿ. ಮೊದಲ ಎಣಿಕೆಗೂ ಈಗಿನದಕ್ಕೂ ವ್ಯತ್ಯಾಸ ಬಂದಿದ್ದರೆ, ಮನಸ್ಸು ಬದಲಿಸಿದವರನ್ನು ಯಾಕೆ ಅಂತ ಕೇಳಿ. ಬೆಲ್ ಹೊಡೆಯುತ್ತದೆ.

ನಿಮಿಷದ ಲೆಕ್ಕ ಹಿಂದೆ ಮುಂದೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಮಕ್ಕಳ ಕೆಲಸದ ಆ ಹದಿನೈದು ನಿಮಿಷವನ್ನು ಮಾತ್ರ ನಿಮ್ಮ ಮಾತು ನುಂಗದಿರಲಿ.

ಕಥೆ ಹೇಳುವುದು ಹಳೇ ಪದ್ಧತಿ ಅಂತಾರೆ. ಬಿಟ್ಟುಬಿಡಬೇಕಾ?

ದಯವಿಟ್ಟು ಬಿಡಬೇಡಿ. ತರಬೇತಿಗಳಲ್ಲಿ ಕಥೆಯನ್ನು ಕೀಳು ಮಾಡಿ ಮಾತಾಡುವುದು ಒಂದು ಫ್ಯಾಷನ್ ಆಗಿದೆ. ಚೆನ್ನಾಗಿ ಕಥೆ ಹೇಳುವ ಶಿಕ್ಷಕರ ಮುಂದೆ ಯಾವ ಸ್ಮಾರ್ಟ್ ಬೋರ್ಡೂ ನಿಲ್ಲುವುದಿಲ್ಲ. ಒಂದೇ ಒಂದು ತಿದ್ದುಪಡಿ ಸಾಕು: ಯಾರೋ ಒಬ್ಬರು ನಿರ್ಧಾರ ತೆಗೆದುಕೊಳ್ಳಬೇಕಾದ ಜಾಗಕ್ಕೆ ಬಂದಾಗ ಕಥೆಯನ್ನು ನಿಲ್ಲಿಸಿ.

ದೇಶ ವಿಭಜನೆಯ ಪಾಠ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸಿರಿಲ್ ರ‍್ಯಾಡ್‌ಕ್ಲಿಫ್ ಅನ್ನುವ ಇಂಗ್ಲಿಷ್ ವಕೀಲ 1947ರ ಜುಲೈ 8ಕ್ಕೆ ಭಾರತಕ್ಕೆ ಬಂದಿಳಿಯುತ್ತಾನೆ. ಅದಕ್ಕೂ ಮುಂಚೆ ಈ ನೆಲ ಕಂಡವನಲ್ಲ. ಪಂಜಾಬ್ ಮತ್ತು ಬಂಗಾಳ ಎರಡನ್ನೂ ಸೀಳುವ ಗಡಿಗೆರೆ ಎಳೆಯಲು ಅವನಿಗೆ ಸಿಕ್ಕಿದ್ದು ಐದು ವಾರ. ಇಲ್ಲಿ ನಿಲ್ಲಿಸಿ. ನದಿ, ಕಾಲುವೆ, ರೈಲು ಹಳಿ, ಜನಸಂಖ್ಯೆ ತೋರಿಸುವ ಒಂದು ಸರಳ ನಕ್ಷೆ ಕೊಟ್ಟು, ನೀವಾಗಿದ್ದರೆ ಯಾವುದನ್ನು ಮೊದಲು ನೋಡುತ್ತಿದ್ದಿರಿ ಅಂತ ಕೇಳಿ. ಜನಸಂಖ್ಯೆ ನೋಡಿ ಎಳೆದರೆ ಕಾಲುವೆ ಒಂದು ಕಡೆ, ಹೊಲ ಇನ್ನೊಂದು ಕಡೆ. ಕಾಲುವೆ ನೋಡಿ ಎಳೆದರೆ ಊರು ಹರಿದು ಹೋಗುತ್ತದೆ. ಆಮೇಲೆ ಕಥೆ ಮುಂದುವರಿಸಿ, ಗಡಿ ಎಲ್ಲಿದೆ ಅಂತ ಪ್ರಕಟಿಸಿದ್ದು ಆಗಸ್ಟ್ 17ಕ್ಕೆ, ಸ್ವಾತಂತ್ರ್ಯ ಬಂದು ಎರಡು ದಿನ ಆದ ಮೇಲೆ ಅಂತ ಹೇಳಿ. ಇಡೀ ತರಗತಿ ಒಂದು ಕ್ಷಣ ತೆಪ್ಪಗಾಗುತ್ತದೆ.

ಮೂಲ ಆಧಾರಗಳನ್ನು ಓದಿಸಲು ಹೋದರೆ ಮಕ್ಕಳಿಗೆ ಏನೂ ಅರ್ಥ ಆಗುವುದಿಲ್ಲ. ಏನು ಮಾಡಲಿ?

ಚಿಕ್ಕದು ಮಾಡಿ. ಐದಾರು ಸಾಲು ಸಾಕು. ಭಾಷೆ ಬಿಗಿಯಾಗಿದ್ದರೆ ಸಡಿಲ ಮಾಡಿ ಬರೆಯಿರಿ, ಆದರೆ ಸಡಿಲ ಮಾಡಿದ್ದೇನೆ ಅಂತ ಮಕ್ಕಳಿಗೆ ಹೇಳಿ, ಇಲ್ಲದಿದ್ದರೆ ಮೆಗಸ್ತನೀಸ್ ನಮ್ಮ ಹಾಗೇ ಮಾತಾಡುತ್ತಿದ್ದ ಅಂದುಕೊಳ್ಳುತ್ತಾರೆ.

ಮೆಗಸ್ತನೀಸ್ ಅಂದ ಕೂಡಲೇ ನೆನಪಾಯಿತು, ಇದು ನನ್ನ ಮೆಚ್ಚಿನ ಉದಾಹರಣೆ. ಭಾರತದಲ್ಲಿ ಗುಲಾಮರೇ ಇಲ್ಲ ಎಂದು ಆತ ಬರೆದಿದ್ದಾನೆ. ಕ್ರಿ.ಪೂ. 300ರ ಆಸುಪಾಸಿನಲ್ಲಿ ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ, ಕಣ್ಣಾರೆ ಕಂಡವನು. ಮಕ್ಕಳು ನಂಬುತ್ತಾರೆ. ಈಗ ಎರಡನೇ ಚೀಟಿ ಕೊಡಿ: ಚಂದ್ರಗುಪ್ತನ ಮೊಮ್ಮಗ ಅಶೋಕನ ಶಾಸನ, ದಾಸರು ಮತ್ತು ಆಳುಗಳ ಜೊತೆ ಸರಿಯಾಗಿ ನಡೆದುಕೊಳ್ಳಿ ಅನ್ನುವ ಸಾಲು. ದಾಸರೇ ಇಲ್ಲದಿದ್ದರೆ ಈ ಮಾತು ಯಾಕೆ ಬಂತು? ಒಬ್ಬ ಸುಳ್ಳು ಹೇಳುತ್ತಿದ್ದಾನಾ? ಗ್ರೀಸ್‌ನ ಗುಲಾಮಗಿರಿ ನೋಡಿದ ಕಣ್ಣಿಗೆ ಇಲ್ಲಿಯದು ಗುಲಾಮಗಿರಿ ಅನ್ನಿಸಲೇ ಇಲ್ಲವಾ? ತನ್ನ ದೇಶದ ಓದುಗರಿಗೆ ಏನನ್ನೋ ತೋರಿಸಿಕೊಡಬೇಕಿತ್ತಾ? ಇಷ್ಟು ವಾದ ಆದ ಮೇಲೆ ಮೂರನೇ ಪಟ್ಟು ಹಾಕಿ: ಮೆಗಸ್ತನೀಸ್‌ನ ಪುಸ್ತಕ ಈಗ ಉಳಿದೇ ಇಲ್ಲ, ನಮಗೆ ಸಿಕ್ಕಿರುವುದು ಎಷ್ಟೋ ಕಾಲದ ನಂತರದವರು ತಮ್ಮ ಬರಹದಲ್ಲಿ ಎತ್ತಿಕೊಂಡ ತುಣುಕುಗಳು ಮಾತ್ರ.

ಎರಡು ಆಧಾರ ಒಂದಕ್ಕೊಂದು ಡಿಕ್ಕಿ ಹೊಡೆಯಬೇಕು, ಅದೇ ಗುಟ್ಟು. ಒಂದೇ ಆಧಾರ ಕೊಟ್ಟರೆ ಮಕ್ಕಳು ಅದನ್ನು ಇನ್ನೊಂದು ಪಠ್ಯಪುಸ್ತಕ ಅಂತ ಓದುತ್ತಾರೆ.

ವಿಜಯನಗರಕ್ಕೆ ಬಂದವರ ಬರಹಗಳನ್ನೂ ಹೀಗೆ ಬಳಸಬಹುದು. 1443ರಲ್ಲಿ ಬಂದ ಅಬ್ದುರ್ ರಜಾಕ್ ಪರ್ಷಿಯಾ ಕಡೆಯ ರಾಯಭಾರಿ. ಕೃಷ್ಣದೇವರಾಯನ ಕಾಲದ ಪೇಸ್ ಮತ್ತು ಅವನ ನಂತರದ ನೂನಿಜ್ ಪೋರ್ಚುಗೀಸರು, ಅದರಲ್ಲೂ ನೂನಿಜ್ ಕುದುರೆ ವ್ಯಾಪಾರಿ. ಯಾರ ಕಣ್ಣಿಗೆ ಏನು ಬಿತ್ತು, ಯಾಕೆ ಅದೇ ಬಿತ್ತು ಅಂತ ಕೇಳಿದರೆ ಸಾಕು.

ಚಿತ್ರ, ಫೋಟೋ ಬಳಸುವುದು ಹೇಗೆ?

ನಿಧಾನವಾಗಿ. ಅರ್ಧ ಚಿತ್ರ ಮುಚ್ಚಿಡಿ, ಕಾಣುವ ಭಾಗದಲ್ಲಿ ಏನಿದೆ ಅಂತ ಮಾತ್ರ ಕೇಳಿ, ಅರ್ಥ ಆಮೇಲೆ. ಮಕ್ಕಳು ನೋಡುವುದಕ್ಕಿಂತ ಮುಂಚೆ ಊಹಿಸಲು ಓಡುತ್ತಾರೆ, ಅವರನ್ನು ಹಿಡಿದು ನಿಲ್ಲಿಸಬೇಕು.

ಫೋಟೋ ಸುಳ್ಳು ಹೇಳುವುದಿಲ್ಲ ಅಂತ ನಂಬಿದವರಿಗೆ ಸೋವಿಯತ್ ನಾಯಕ ಸ್ಟಾಲಿನ್ ಕಾಲುವೆಯ ಪಕ್ಕ ನಿಂತಿರುವ ಫೋಟೋ ತೋರಿಸಿ. ಮೊದಲ ಪ್ರತಿಯಲ್ಲಿ ಪಕ್ಕದಲ್ಲೇ ರಹಸ್ಯ ಪೊಲೀಸ್ ಮುಖ್ಯಸ್ಥ ನಿಕೊಲಾಯ್ ಯೆಜೋವ್ ಇದ್ದಾನೆ. 1940ರಲ್ಲಿ ಅವನನ್ನು ಕೊಲ್ಲಲಾಯಿತು, ಆಮೇಲಿನ ಪ್ರತಿಯಲ್ಲಿ ಅವನಿದ್ದ ಜಾಗದಲ್ಲಿ ಬರೀ ನೀರು. ಬರ್ಲಿನ್‌ನ ಸಂಸತ್ ಭವನ ರೈಖ್‌ಸ್ಟಾಗ್ ಮೇಲೆ ಸೋವಿಯತ್ ಬಾವುಟ ಹಾರಿಸುವ 1945ರ ಚಿತ್ರವನ್ನೂ ತಿದ್ದಿದ್ದಾರೆ. ಹೊಗೆ ಜಾಸ್ತಿ ಮಾಡಿದರು, ಸೈನಿಕನೊಬ್ಬನ ಕೈಯಲ್ಲಿ ಕಾಣುತ್ತಿದ್ದ ಎರಡನೇ ಗಡಿಯಾರ ಅಳಿಸಿದರು. ಗಡಿಯಾರ ಯಾಕೆ ಅಳಿಸಿರಬಹುದು? ಎರಡೆರಡು ಕಟ್ಟಿದ್ದರೆ ಲೂಟಿ ಮಾಡಿದ್ದು ಅಂತ ಜನ ಅಂದುಕೊಂಡಾರು. ಈ ಉತ್ತರಕ್ಕೆ ಮಕ್ಕಳು ತಾವೇ ಬರುತ್ತಾರೆ, ನೀವು ಹೇಳಬೇಡಿ.

ಇಸವಿ ಬಾಯಿಪಾಠ ಮಾಡಿಸಬೇಕಾ, ಬೇಡವಾ?

ಸ್ವಲ್ಪ ಮಾಡಿಸಬೇಕು. ಇಸವಿಯೇ ಬೇಡ ಅನ್ನುವವರ ಜೊತೆ ನನಗೆ ಜಗಳ ಇದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿಲ್ಲದೆ ಯಾವುದಕ್ಕೆ ಯಾವುದು ಕಾರಣ ಅಂತ ಹೇಗೆ ಯೋಚಿಸುವುದು? ಆದರೆ ಐವತ್ತು ಇಸವಿ ಬೇಡ. ವರ್ಷಕ್ಕೆ ಹತ್ತು ಹನ್ನೆರಡು ಗೂಟದಂಥ ಇಸವಿಗಳನ್ನು ಆರಿಸಿ, ಅವನ್ನು ಗಟ್ಟಿ ಮಾಡಿಸಿ. ಉಳಿದವು ಅವುಗಳ ಆಚೆ ಈಚೆ ನೆನಪಿನಲ್ಲಿ ಕೂರುತ್ತವೆ.

ದೂರದ ಅಂದಾಜು ಬರಲು ಒಂದು ಉದ್ದ ದಾರ ತನ್ನಿ. ಹತ್ತು ವರ್ಷಕ್ಕೆ ಒಂದು ಸೆಂಟಿಮೀಟರ್. ಮಕ್ಕಳ ತಲೆಯಲ್ಲಿ ಅಶೋಕ, ಅಕ್ಬರ್ ಇಬ್ಬರೂ ಹಳೇ ಕಾಲದ ರಾಜರು, ಅಕ್ಕಪಕ್ಕದವರು. ದಾರದ ಮೇಲೆ ಇಬ್ಬರ ನಡುವೆ ಒಂದು ಮೀಟರ್ 80 ಸೆಂಟಿಮೀಟರ್ ಬರುತ್ತದೆ, ಅಕ್ಬರನಿಂದ ನಮ್ಮವರೆಗೆ ಅರ್ಧ ಮೀಟರೂ ಇಲ್ಲ. ಇದನ್ನು ಮಾತಿನಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ, ದಾರ ಹಿಡಿದು ಇಬ್ಬರು ದೂರ ನಿಂತರೆ ಹೋಗುತ್ತದೆ.

ಅಡ್ಡವಾಗಿಯೂ ಕತ್ತರಿಸಿ ತೋರಿಸಿ. 1789 ಅಂದರೆ ಫ್ರಾನ್ಸಿನ ಕ್ರಾಂತಿ ಅಷ್ಟೇ ಅಂತ ಓದಿರುತ್ತಾರೆ. ಅದೇ ವರ್ಷ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷನಾದ. ಅದೇ ವರ್ಷದ ಕೊನೆಗೆ ಟಿಪ್ಪು ತಿರುವಾಂಕೂರಿನ ಗಡಿಕೋಟೆಯ ಮೇಲೆ ದಾಳಿ ಮಾಡಿದ, ಅದರಿಂದ ಮೂರನೇ ಮೈಸೂರು ಯುದ್ಧ ಹೊತ್ತಿಕೊಂಡಿತು. ಮೂರೂ ಬೇರೆ ಬೇರೆ ಪಾಠದಲ್ಲಿ ಬರುವುದರಿಂದ ಬೇರೆ ಬೇರೆ ಲೋಕದಲ್ಲಿ ನಡೆದ ಹಾಗೆ ಕಾಣುತ್ತವೆ.

ಕಾರಣ, ಪರಿಣಾಮಗಳನ್ನು ಪಟ್ಟಿ ಮಾಡಿಸದೆ ಕಲಿಸುವುದು ಹೇಗೆ?

ಪಟ್ಟಿಯನ್ನು ಚೀಟಿಗಳಾಗಿ ಕತ್ತರಿಸಿ. ಒಂದು ಚೀಟಿಗೆ ಒಂದು ಸಂಗತಿ, ಯಾವುದರಿಂದ ಯಾವುದು ಹುಟ್ಟಿತು ಅಂತ ಮಕ್ಕಳು ಜೋಡಿಸಿ ಬಾಣ ಹಾಕಲಿ. ಯುರೋಪಿನ ಮಹಾಮಾರಿ ಪ್ಲೇಗ್ ಇದಕ್ಕೆ ಬಹಳ ಚೆನ್ನಾಗಿ ಒಗ್ಗುತ್ತದೆ. 1347ರಲ್ಲಿ ಸಿಸಿಲಿಗೆ ಬಂದ ರೋಗ ಮರುವರ್ಷ ಇಂಗ್ಲೆಂಡ್ ಮುಟ್ಟಿತು. ಯುರೋಪಿನ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಜನ ಸತ್ತರು ಅಂತ ಅಂದಾಜು. ಇನ್ನೊಂದು ಚೀಟಿ: 1351ರಲ್ಲಿ ಇಂಗ್ಲೆಂಡ್ ಸರ್ಕಾರ ಕೂಲಿಯನ್ನು ಪ್ಲೇಗಿಗೆ ಮುಂಚಿನ ಮಟ್ಟದಲ್ಲೇ ಇರಿಸಬೇಕು ಅಂತ ಕಾನೂನು ಮಾಡಿತು. ಇವೆರಡರ ನಡುವೆ ಏನಾಗಿರಬೇಕು? ನಡುವಿನ ಚೀಟಿಯನ್ನು ಖಾಲಿ ಬಿಡಿ. ಆಳುಗಳು ಕಮ್ಮಿ, ಕೂಲಿ ಜಾಸ್ತಿ ಕೇಳುತ್ತಿದ್ದಾರೆ, ಜಮೀನುದಾರರಿಗೆ ಸಂಕಟ ಅಂತ ಮಕ್ಕಳೇ ತುಂಬುತ್ತಾರೆ. ಕೊನೆಗೆ 1381ರ ರೈತ ದಂಗೆಯ ಚೀಟಿ ಇಡಿ, ಅದಕ್ಕೆ ಎಲ್ಲೆಲ್ಲಿಂದ ಬಾಣ ಹಾಕುತ್ತಾರೋ ನೋಡಿ. ಬಾಣದ ಮೇಲೆ ಒಂದೊಂದು ಮಾತು ಬರೆಸುವುದನ್ನು ಮರೆಯಬೇಡಿ, ಬರೀ ಬಾಣ ಯಾರು ಬೇಕಾದರೂ ಹಾಕುತ್ತಾರೆ.

ನಾಟಕ, ಪಾತ್ರಾಭಿನಯ ಮಾಡಿಸಬಹುದಾ?

ಮಾಡಿಸಬಹುದು, ನಿರ್ಧಾರ ಮಾಡುವ ಸಭೆಗಳನ್ನು. 1919ರ ಪ್ಯಾರಿಸ್ ಶಾಂತಿ ಸಮ್ಮೇಳನ ತೆಗೆದುಕೊಂಡು ಒಂದು ಗುಂಪಿಗೆ ಫ್ರಾನ್ಸ್, ಒಂದಕ್ಕೆ ಬ್ರಿಟನ್, ಒಂದಕ್ಕೆ ಅಮೆರಿಕ ಕೊಡಿ. ಪ್ರತಿ ಗುಂಪಿಗೂ ಅವರಿಗೆ ಏನು ಬೇಕಿತ್ತು, ಯಾವುದರ ಭಯ ಇತ್ತು ಅನ್ನುವ ಚೀಟಿ. ಜರ್ಮನಿಯ ಗುಂಪನ್ನು ಬಾಗಿಲ ಹೊರಗೆ ಕೂರಿಸಿ, ಕೊನೆಗೆ ಕರೆದು ಸಹಿ ಹಾಕಿ ಅನ್ನಿ. ಮಾತುಕತೆಯಲ್ಲಿ ಜರ್ಮನಿಗೆ ಜಾಗ ಇರಲಿಲ್ಲ ಅನ್ನುವ ಸಾಲು ಆಮೇಲೆ ಅವರಿಗೆ ಮರೆಯುವುದೇ ಇಲ್ಲ.

ಆದರೆ ಸಂಕಟವನ್ನು ಆಡಿಸಬೇಡಿ. ಗುಲಾಮರ ಹಡಗು, ಯಹೂದಿಗಳ ಹತ್ಯಾಶಿಬಿರ, ವಿಭಜನೆಯ ಗಲಭೆ, ಅಸ್ಪೃಶ್ಯತೆ ಇವು ಯಾವುದೂ ತರಗತಿಯ ಆಟ ಆಗಬಾರದು. ಕೆಲವು ಮಕ್ಕಳಿಗೆ ಅದು ಅವರ ಮನೆಯ ನೆನಪು ಆಗಿರಬಹುದು. ಇನ್ನು ಕೆಲವರಿಗೆ ನಗೆಪಾಟಲು ಆಗುತ್ತದೆ. ಅನುಭವ ಆಯಿತು ಅನ್ನುವ ಸುಳ್ಳು ನಂಬಿಕೆ ಬೇರೆ. ಅಲ್ಲಿ ಬದುಕಿ ಉಳಿದವರ ಮಾತನ್ನು ಓದಿ, ಅಷ್ಟು ಸಾಕು.

ವಿವಾದ ಇರುವ ವಿಷಯ ಬಂದರೆ? ಮಕ್ಕಳು ಮೊಬೈಲ್‌ನಲ್ಲಿ ಬಂದದ್ದನ್ನೇ ಇತಿಹಾಸ ಅನ್ನುತ್ತಾರೆ.

ಬೋರ್ಡಿನ ಮೇಲೆ ಮೂರು ಭಾಗ ಮಾಡಿ. ಏನು ನಡೆಯಿತು ಅಂತ ಎಲ್ಲರೂ ಒಪ್ಪುವುದು ಒಂದು ಕಡೆ. ಯಾಕೆ ನಡೆಯಿತು ಅಂತ ಇತಿಹಾಸಕಾರರು ವಾದ ಮಾಡುವುದು ಇನ್ನೊಂದು ಕಡೆ. ಅದು ಸರಿಯೋ ತಪ್ಪೋ ಅಂತ ಈಗ ನಾವು ಹೇಳುವುದು ಮೂರನೇ ಕಡೆ. ಮಕ್ಕಳು ಹೇಳುವ ಪ್ರತಿ ಮಾತನ್ನೂ ಯಾವ ಭಾಗಕ್ಕೆ ಹಾಕುವುದು ಅಂತ ಅವರನ್ನೇ ಕೇಳಿ. ಅರ್ಧ ಜಗಳ ಇಲ್ಲೇ ಕರಗುತ್ತದೆ, ಯಾಕೆಂದರೆ ಅವರು ಜಗಳ ಆಡುತ್ತಿದ್ದದ್ದು ಮೂರನೇ ಭಾಗದ ಬಗ್ಗೆ.

ಫಾರ್ವರ್ಡ್ ಸಂದೇಶ ತಂದ ಮಗುವನ್ನು ಎಲ್ಲರೆದುರು ಹೀಗಳೆಯಬೇಡಿ. "ಇದು ಯಾರಿಗೆ ಹೇಗೆ ಗೊತ್ತಾಯಿತು?" ಅಂತ ಮಾತ್ರ ಕೇಳಿ, ಎಲ್ಲರಿಗೂ ಇದೇ ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಿ, ಪಠ್ಯಪುಸ್ತಕಕ್ಕೂ ಕೇಳಿ. ಯಾರ ಮನಸ್ಸೂ ಉರಿಯದ ಉದಾಹರಣೆಯಿಂದ ಶುರು ಮಾಡುವುದು ಒಳ್ಳೆಯದು. ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ ಅಂತ ಕ್ರಾಂತಿಯ ಕಾಲದ ಫ್ರಾನ್ಸಿನ ರಾಣಿ ಮರೀ ಆಂತ್ವನೆತ್ ಹೇಳಿದಳು ಅನ್ನುವುದು ಪ್ರಪಂಚಕ್ಕೆಲ್ಲ ಗೊತ್ತು. ಅವಳು ಹೇಳಿದ್ದಕ್ಕೆ ಆಧಾರವೇ ಇಲ್ಲ. ಚಿಂತಕ ರೂಸೋ ತನ್ನ ಆತ್ಮಕಥೆಯಲ್ಲಿ ಯಾರೋ ಒಬ್ಬ ರಾಜಕುಮಾರಿ ಹಾಗಂದಳು ಅಂತ ಬರೆದಿದ್ದ, ಅದನ್ನು ಬರೆಯುವಾಗ ಮರೀ ಇನ್ನೂ ಹುಡುಗಿ, ಫ್ರಾನ್ಸಿಗೇ ಬಂದಿರಲಿಲ್ಲ. ಹಾಗಾದರೆ ಆ ಮಾತು ಅವಳಿಗೆ ಯಾಕೆ ಅಂಟಿಕೊಂಡಿತು? ಇದನ್ನು ಬಿಡಿಸಿದ ಮಕ್ಕಳು ಆಮೇಲೆ ತಮ್ಮ ಮೊಬೈಲನ್ನೂ ಅನುಮಾನದಿಂದ ನೋಡುತ್ತಾರೆ.

ನಿಮ್ಮ ಅಭಿಪ್ರಾಯ ಏನು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಚರ್ಚೆ ಮುಗಿಯುವವರೆಗೆ ಹೇಳಬೇಡಿ. ಮೊದಲೇ ಹೇಳಿದರೆ ಉಳಿದವರೆಲ್ಲ ಅದಕ್ಕೇ ತಲೆಯಾಡಿಸುತ್ತಾರೆ.

ಹೀಗೆ ಮಾಡುತ್ತಾ ಕೂತರೆ ಸಿಲಬಸ್ ಮುಗಿಯುತ್ತದಾ?

ಎಲ್ಲ ಪಾಠವನ್ನೂ ಹೀಗೆ ಮಾಡಿದರೆ ಖಂಡಿತ ಮುಗಿಯುವುದಿಲ್ಲ. ಮಾಡಲೂಬಾರದು. ವರ್ಷದ ಶುರುವಿನಲ್ಲೇ ಪುಸ್ತಕ ಹಿಡಿದು ಕೂತು ಯಾವ ಪಾಠ ಆಳವಾಗಿ ಅಗೆಯುವುದು, ಯಾವುದನ್ನು ಎರಡು ಪಿರಿಯಡ್‌ನಲ್ಲಿ ಮೇಲಿಂದ ಮೇಲೆ ಹೇಳಿ ದಾಟುವುದು ಅಂತ ಗುರುತು ಹಾಕಿಕೊಳ್ಳಿ. ವಂಶಾವಳಿ, ಯುದ್ಧಗಳ ಸರಣಿ ಇಂಥವನ್ನು ನೀವೇ ಚುರುಕಾಗಿ ಹೇಳಿ ಮುಗಿಸಿದರೆ ತಪ್ಪೇನಿಲ್ಲ. ಎಲ್ಲಕ್ಕೂ ಸಮನಾಗಿ ಸಮಯ ಹಂಚುವುದು ನ್ಯಾಯ ಅನ್ನಿಸುತ್ತದೆ, ಆದರೆ ಆಗ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಪರೀಕ್ಷೆಯಲ್ಲಿ ಅಂಕ ಕಮ್ಮಿ ಆದರೆ ಯಾರು ಹೊಣೆ?

ಈ ಭಯ ನಿಜ, ತಳ್ಳಿಹಾಕುವ ಹಾಗಿಲ್ಲ. ಅದಕ್ಕೆ ಪ್ರತಿ ಪಿರಿಯಡ್‌ನ ಮೊದಲ ಮೂರು ನಿಮಿಷ ಹಳೇ ಪಾಠಕ್ಕೆ ಮೀಸಲಿಡಿ. ಪುಸ್ತಕ ಮುಚ್ಚಿ ಐದು ಸಣ್ಣ ಪ್ರಶ್ನೆ. ಎರಡು ನಿನ್ನೆಯದು, ಎರಡು ಕಳೆದ ತಿಂಗಳದು, ಒಂದು ವರ್ಷದ ಶುರುವಿನದು. ಅಂಕ ಹಾಕಬೇಡಿ, ಅವರೇ ತಿದ್ದಿಕೊಳ್ಳಲಿ. ಕಲಿತದ್ದು ಎಷ್ಟು ಬೇಗ ಜಾರಿಹೋಗುತ್ತದೆ ಅಂತ ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿ ತೋರಿಸಿದ್ದ. ಮತ್ತೆ ಮತ್ತೆ ಓದುವುದಕ್ಕಿಂತ ನೆನಪಿನಿಂದ ಹೊರಗೆ ಎಳೆಯುವುದೇ ಹೆಚ್ಚು ಗಟ್ಟಿ ಅಂತ ಆಮೇಲಿನ ಸಂಶೋಧನೆಗಳೂ ಹೇಳುತ್ತವೆ.

ಇನ್ನು ಉದ್ದ ಉತ್ತರ ಬರೆಯುವುದು. ವಾದ ಮಾಡಿದ ಮಗು ಚೆನ್ನಾಗಿ ಬರೆಯುತ್ತದೆ ಅಂತ ನಂಬಿ ಕೂರಬೇಡಿ, ಬಾಯಿಗೂ ಪೆನ್ನಿಗೂ ದೂರ ಇದೆ. ಚರ್ಚೆ ಆದ ದಿನವೇ ಒಂದು ಪ್ಯಾರಾ ಬರೆಸಿ. "ಇದಕ್ಕೆ ಮುಖ್ಯ ಕಾರಣ", "ಇದಕ್ಕೆ ಆಧಾರ", "ಆದರೆ ಇನ್ನೊಂದು ಕಡೆ" ಅಂತ ಸಾಲಿನ ಮೊದಲ ಮಾತುಗಳನ್ನು ಬೋರ್ಡಿನ ಮೇಲೆ ಕೊಡಿ, ಕ್ರಮೇಣ ಅಳಿಸುತ್ತಾ ಹೋಗಿ.

ತರಗತಿಯಲ್ಲಿ ಅರವತ್ತು ಮಕ್ಕಳಿದ್ದಾರೆ, ಕೆಲವರಿಗೆ ಓದಲೇ ಕಷ್ಟ. ಗುಂಪು ಕೆಲಸ ಹೇಗೆ?

ಗುಂಪು ಬೇಡ, ಜೋಡಿ ಮಾಡಿ. ಬೆಂಚು ಅಲುಗಾಡಿಸಬೇಕಿಲ್ಲ. ಆರು ಜನರ ಗುಂಪಿನಲ್ಲಿ ಇಬ್ಬರು ಕೆಲಸ ಮಾಡುತ್ತಾರೆ, ನಾಲ್ವರು ಹರಟೆ ಹೊಡೆಯುತ್ತಾರೆ. ಆಧಾರವನ್ನು ನೀವೇ ಎರಡು ಸಲ ಜೋರಾಗಿ ಓದಿ ಹೇಳಿ, ಆಗ ಓದಲು ಕಷ್ಟ ಆಗುವವರೂ ಯೋಚನೆಗೆ ಬರುತ್ತಾರೆ. ಅವರಿಗೆ ಸುಲಭದ ಪ್ರಶ್ನೆ ಕೊಟ್ಟು ಬದಿಗೆ ಕೂರಿಸಬೇಡಿ. ಪ್ರಶ್ನೆ ಅದೇ ಇರಲಿ, ಕಷ್ಟದ ಪದಗಳ ಅರ್ಥ ಬೋರ್ಡಿನ ಮೂಲೆಯಲ್ಲಿ ಇರಲಿ.

ವಿಡಿಯೊ ತೋರಿಸಬಹುದಾ?

ಮೂರು ನಾಲ್ಕು ನಿಮಿಷದ ತುಣುಕು, ಅದಕ್ಕೆ ಮುಂಚೆ ಒಂದು ಪ್ರಶ್ನೆ. ಪೂರ್ತಿ ಸಿನಿಮಾ ಹಾಕಿ ಕೂರುವುದು ಪಾಠ ಆಗುವುದಿಲ್ಲ, ನಿಮಗೆ ವಿರಾಮ ಆಗುತ್ತದೆ. ಕೆಲವೊಮ್ಮೆ ಅದೂ ಬೇಕಾಗುತ್ತದೆ, ಬಿಡಿ.

ಮಕ್ಕಳು ಹೋಂವರ್ಕ್ ಅನ್ನು ಎಐ ಹತ್ತಿರ ಬರೆಸಿಕೊಂಡು ಬರುತ್ತಾರೆ. ಏನು ಮಾಡುವುದು?

ಹಿಡಿಯಲು ಹೊರಟರೆ ಸಮಯ ಹಾಳು. ಎಐ ಬರೆದ ಉತ್ತರವನ್ನೇ ತರಗತಿಗೆ ತನ್ನಿ. ಅದನ್ನೂ ಒಂದು ಆಧಾರ ಅಂತ ಇಟ್ಟುಕೊಂಡು ಸಾಲು ಸಾಲಾಗಿ ಪರೀಕ್ಷೆ ಮಾಡಿಸಿ: ಇದರಲ್ಲಿ ಯಾವುದಕ್ಕೆ ಆಧಾರ ಇದೆ, ಯಾವ ಇಸವಿ ತಾಳೆ ಆಗುತ್ತದೆ, ಯಾರ ಕಡೆಯಿಂದ ನೋಡಿದ್ದೇ ಇಲ್ಲ? ಇಲ್ಲದ ಪುಸ್ತಕ, ಯಾರೂ ಆಡದ ಮಾತುಗಳನ್ನು ಅದು ಬಹಳ ಧೈರ್ಯವಾಗಿ ಹೇಳಿಬಿಡುತ್ತದೆ, ಸಿಕ್ಕಿಹಾಕಿಕೊಂಡಾಗ ಮಕ್ಕಳಿಗೆ ಖುಷಿಯೋ ಖುಷಿ. ಅಂಕ ಕೊಡುವ ಬರಹವನ್ನು ಮಾತ್ರ ತರಗತಿಯಲ್ಲೇ, ಕೈಯಲ್ಲೇ ಬರೆಸಿ.

ಪಾಠ ಚೆನ್ನಾಗಿ ಆಯಿತಾ ಅಂತ ಹೇಗೆ ಗೊತ್ತಾಗುತ್ತದೆ?

ಗಲಾಟೆ ಇತ್ತು, ನಗು ಇತ್ತು, ಎಲ್ಲರೂ ಬ್ಯುಸಿ ಇದ್ದರು ಅನ್ನುವುದನ್ನು ನಂಬಬೇಡಿ. ಚಾರ್ಟಿಗೆ ಬಣ್ಣ ತುಂಬುತ್ತಿದ್ದ ಮಗು ಇಡೀ ಪಿರಿಯಡ್ ಖುಷಿಯಾಗಿರುತ್ತದೆ, ಇತಿಹಾಸದ ಬಗ್ಗೆ ಒಂದು ನಿಮಿಷವೂ ಯೋಚಿಸಿರುವುದಿಲ್ಲ. ಕೊನೆಯ ಎರಡು ನಿಮಿಷ ಒಂದು ಚೀಟಿಯಲ್ಲಿ ಇವತ್ತಿನ ಪ್ರಶ್ನೆಗೆ ಒಂದು ಸಾಲಿನ ಉತ್ತರ, "ಯಾಕೆಂದರೆ" ಅನ್ನುವುದರ ಜೊತೆ ಬರೆಸಿ. ಅರವತ್ತು ಚೀಟಿ ಓದಲು ಹತ್ತು ನಿಮಿಷ ಸಾಕು. ಹೆಚ್ಚಿನವರ "ಯಾಕೆಂದರೆ" ಆದ ಮೇಲೆ ಏನೂ ಇಲ್ಲದಿದ್ದರೆ ನಾಳೆ ಮುಂದಿನ ಪಾಠಕ್ಕೆ ಹೋಗಬೇಡಿ.

ಮೊದಲು ಯಾವ ಪಾಠದಲ್ಲಿ ಇದನ್ನು ಮಾಡಿ ನೋಡಲಿ?

ನಿಮಗೆ ಅತಿ ಹೆಚ್ಚು ಗೊತ್ತಿರುವ, ನಿಮಗೇ ಇಷ್ಟ ಇರುವ ಪಾಠದಲ್ಲಿ. ಚರ್ಚೆ ಎತ್ತ ತಿರುಗಿದರೂ ಹಿಡಿದು ತರಲು ವಿಷಯ ಕೈಯಲ್ಲಿರಬೇಕು. ಒಂದು ಪ್ರಶ್ನೆ, ಎರಡು ಸಣ್ಣ ಆಧಾರ, ಒಂದು ಪಿರಿಯಡ್. ತಿಂಗಳಿಗೆ ಒಂದು ಮಾಡಿದರೆ ವರ್ಷದ ಕೊನೆಗೆ ಎಂಟು ಹತ್ತು ಪಾಠ ಸಿದ್ಧ ಇರುತ್ತವೆ. ಹಾಳೆಗಳನ್ನು ಎಸೆಯದೆ ಒಂದು ಫೈಲಿನಲ್ಲಿ ಹಾಕಿಡಿ, ಮಕ್ಕಳು ಕೇಳಿದ ವಿಚಿತ್ರ ಪ್ರಶ್ನೆಗಳನ್ನು ಅದರ ಹಿಂದೆ ಗೀಚಿಡಿ. ಮುಂದಿನ ವರ್ಷದ ಪಾಠಕ್ಕೆ ಅವೇ ಬೇಕಾಗುತ್ತವೆ.